ಹನ್ನೆರಡು ಕಕ್ಕಸು, ಒಂದು ಬಟ್ಟೆಕೋಣೆ

"ಇಷ್ಟು ದೊಡ್ಡ ಕೋಟೆ ಕಟ್ಟಿಸಿದ್ದಾನಲ್ಲ ಮಹರಾಯ, ಕಕ್ಕಸು ಎಲ್ಲಿ ಕಟ್ಟಿಸಿದ್ದಾನೆ?"

ಕೇಳಿದ್ದು ಅಮ್ಮ. ಕೇಳಿದ ಜಾಗ ವೇಲ್ಸ್‌ನ ಕಾನ್ವಿ ಕೋಟೆ. ಅಕ್ಕ ಮ್ಯಾಂಚೆಸ್ಟರಿನಲ್ಲಿದ್ದಾಳೆ. ನಾವು ಅವಳ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಭಾವ ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಸಮುದ್ರದ ದಂಡೆಯ ಆ ಪುಟ್ಟ ಊರಿಗೆ ಕರೆದುಕೊಂಡು ಹೋದರು. ಅಮ್ಮನಿಗೆ ಎಪ್ಪತ್ತನಾಲ್ಕು, ಮಂಡಿನೋವು ಬೇರೆ. ಯಾವ ಊರಿಗೆ ಹೋದರೂ ಅವಳು ಮೊದಲು ವಿಚಾರಿಸುವುದು ಅದನ್ನೇ. ಗೋಪುರ, ಬುರುಜು ಎಲ್ಲ ಆಮೇಲೆ.

"ಅರ್ಜೆಂಟಾ? ಹುಡುಕೋಣ ಬಾ" ಅಂದೆ.

"ನನಗಲ್ವೋ, ಅವರಿಗೆ. ಆ ರಾಜ, ರಾಣಿ, ಸಿಪಾಯಿಗಳು. ಅವರೆಲ್ಲ ಎಲ್ಲಿಗೆ ಹೋಗ್ತಿದ್ರು?"

ಆ ಕೋಟೆ ಕಟ್ಟಿಸಿದವನು ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್. ವೇಲ್ಸನ್ನು ಗೆದ್ದ ಮೇಲೆ, ಗೆದ್ದದ್ದು ಕೈಜಾರದಿರಲಿ ಅಂತ ಕಟ್ಟಿಸಿದ ಕೋಟೆಗಳ ಸಾಲಿನಲ್ಲಿ ಇದೂ ಒಂದು. 1283ರಲ್ಲಿ ಶುರುವಾಗಿ 1287ರ ಹೊತ್ತಿಗೆ ಹೆಚ್ಚುಕಡಿಮೆ ಮುಗಿದೇಹೋಯಿತು. ಎಂಟು ದಪ್ಪ ಬುರುಜು, ಜೊತೆಗೆ ಊರಿನ ಸುತ್ತ ಸುಮಾರು 1.3 ಕಿಲೋಮೀಟರ್ ಉದ್ದದ ಗೋಡೆ. ಎಲ್ಲಾ ಸೇರಿ ನಾಲ್ಕೇ ವರ್ಷ. ನಮ್ಮೂರ ಬೈಪಾಸ್ ಮೇಲ್ಸೇತುವೆಗೆ ಎಷ್ಟು ವರ್ಷ ಹಿಡಿಯಿತು ಅನ್ನುವ ಮಾತು ಈಗ ಬೇಡ. ಉಸ್ತುವಾರಿ ಸವಾಯ್ ನಾಡಿನಿಂದ ಬಂದ ಮೇಸ್ತ್ರಿ, ಸೇಂಟ್ ಜಾರ್ಜ್‌ನ ಜೇಮ್ಸ್ ಎಂಬಾತನದು.

ಈ ಜೇಮ್ಸ್ ಮೇಸ್ತ್ರಿ ಅಮ್ಮನ ಪ್ರಶ್ನೆಯನ್ನು ಮರೆತಿರಲಿಲ್ಲ. ಊರಗೋಡೆಯ ದಕ್ಷಿಣ ಭಾಗಕ್ಕೆ ಬಂದು ಹೊರಗಿನಿಂದ ತಲೆಯೆತ್ತಿ ನೋಡಿದರೆ, ಗೋಡೆಯ ನೆತ್ತಿಯಲ್ಲಿ ಸಾಲಾಗಿ ಕಲ್ಲಿನ ಗೂಡುಗಳು ಹೊರಕ್ಕೆ ಚಾಚಿಕೊಂಡಿವೆ. ಎಣಿಸಿದರೆ ಹನ್ನೆರಡು. ಪಾರಿವಾಳಕ್ಕೆ ಮಾಡಿದ ಗೂಡಲ್ಲ. ರಾಜನ ಕೆಲಸದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ನೌಕರರ ಕಕ್ಕಸುಗಳು ಅವು. ಏಳುನೂರು ವರ್ಷ ಮಳೆಗಾಳಿ ತಿಂದರೂ ಇನ್ನೂ ಅಲ್ಲೇ ಇವೆ.

"ಹನ್ನೆರಡೂ ಒಂದೇ ಸಾಲಲ್ಲಾ? ನಡುವೆ ಮರೆ ಇತ್ತೋ ಇಲ್ವೋ?" ಅಂದಳು ಅಮ್ಮ.

ಕೋಟೆಗಳಲ್ಲಿ ಇದರ ರಚನೆ ಬಹಳ ಸರಳ. ಗೋಡೆಯ ದಪ್ಪದೊಳಗೇ ಒಂದು ಸಣ್ಣ ಓಣಿ ಬಿಡುತ್ತಾರೆ. ಮರೆಗೆ, ಜೊತೆಗೆ ವಾಸನೆ ನೇರವಾಗಿ ಮಲಗುವ ಕೋಣೆಗೆ ನುಗ್ಗದಿರಲಿ ಅಂತ ಅದಕ್ಕೆ ಒಂದು ತಿರುವು ಕೊಡುವುದುಂಟು. ಓಣಿಯ ಕೊನೆಯಲ್ಲಿ ಕಲ್ಲಿನದೋ ಮರದ್ದೋ ಹಲಗೆ, ಅದರಲ್ಲಿ ಒಂದು ತೂತು. ತೂತಿನ ಕೆಳಗೆ ಎರಡೇ ದಾರಿ. ಹಲಗೆ ಗೋಡೆಯಿಂದ ಹೊರಕ್ಕೆ ಚಾಚಿದ್ದರೆ ಎಲ್ಲವೂ ನೇರ ಕಂದಕಕ್ಕೆ. ಇಲ್ಲದಿದ್ದರೆ ಗೋಡೆಯೊಳಗೇ ಕೊರೆದ ಕೊಳವೆಯಲ್ಲಿ ಇಳಿದು ಬುಡದ ಗುಂಡಿಗೆ. ಒರೆಸಿಕೊಳ್ಳಲು ಒಣಹುಲ್ಲು, ಪಾಚಿ. ನೀರಿನ ಮಾತೇ ಇಲ್ಲ. ಅದನ್ನು ಕೇಳಿ ಅಮ್ಮ ಮುಖ ಸಿಂಡರಿಸಿದಳು. ಆ ವಿಷಯದಲ್ಲಿ ನಮ್ಮ ನಾಗರಿಕತೆಯೇ ಮೇಲು ಅಂತ ಅವಳಿಗೆ ಮೊದಲಿಂದಲೂ ಗ್ಯಾರಂಟಿ.

ಕೆಲವರು ಇದನ್ನು ವಿಪರೀತಕ್ಕೆ ಒಯ್ದದ್ದೂ ಇದೆ. ಇವತ್ತಿನ ಪೋಲೆಂಡಿನ ಕ್ವಿಜಿನ್ ಎಂಬಲ್ಲಿ ಟ್ಯೂಟಾನಿಕ್ ಪಂಥ ಎಂಬ ಕ್ರೈಸ್ತ ಯೋಧರ ಗುಂಪಿನವರು ಕಕ್ಕಸಿಗೆಂದೇ ಒಂದು ಪೂರ್ತಿ ಬುರುಜು ಕಟ್ಟಿದರು. ಅದೂ ಕೋಟೆಯಿಂದ ಐವತ್ತು ಮೀಟರಿಗೂ ದೂರ! ಅಲ್ಲಿಗೆ ಹೋಗಲು ದೊಡ್ಡ ಕಮಾನುಗಳ ಮೇಲೆ ಇಟ್ಟಿಗೆಯ ಮುಚ್ಚಿದ ಸೇತುವೆ. ಫೋಟೋದಲ್ಲಿ ನೋಡಿದರೆ ಯಾವುದೋ ರೈಲ್ವೆ ಸೇತುವೆ ಅನ್ನಬೇಕು. ಚಳಿಗಾಲದ ಮಧ್ಯರಾತ್ರಿ ಹೊಟ್ಟೆ ಕೆಟ್ಟವನ ಗತಿ ಏನು ಅಂತ ಕಟ್ಟಿದವರು ಯೋಚಿಸಿದಂತೆ ಕಾಣುವುದಿಲ್ಲ.

ಕೋಟೆಯ ಗೋಡೆಯಲ್ಲಿ ತೂತು ಅಂದಮೇಲೆ ಅದು ಶತ್ರುವಿಗೂ ದಾರಿ ಅಲ್ವಾ? ಫ್ರಾನ್ಸಿನ ಸೇನ್ ನದಿಯ ಮೇಲಿನ ಶಾತೊ ಗಯಾರ್ ಕೋಟೆಯ ಕಥೆ ಹಾಗೇ ಹೇಳುತ್ತಾರೆ. ಸಿಂಹದೆದೆಯ ರಿಚರ್ಡ್ 1196ರಿಂದ 1198ರೊಳಗೆ ಕಟ್ಟಿಸಿದ, ಯಾರೂ ಗೆಲ್ಲಲಾಗದು ಎಂದು ಬೀಗಿದ ಕೋಟೆ ಅದು. ಫ್ರಾನ್ಸಿನ ದೊರೆ ಎರಡನೇ ಫಿಲಿಪ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1204ರ ಮಾರ್ಚಿನಲ್ಲಿ ಹಿಡಿದ. ಅವನ ಸಿಪಾಯಿಗಳು ಕಕ್ಕಸಿನ ಕೊಳವೆಯಲ್ಲಿ ಹತ್ತಿ ಒಳಗೆ ನುಗ್ಗಿದರು ಅಂತ ಕಥೆ. ಹಳೆಯ ಬರಹ ಹೇಳುವುದು ಪ್ರಾರ್ಥನಾಮಂದಿರದ ಕಿಟಕಿಯ ಸುದ್ದಿಯನ್ನು. ಆದರೆ ಕಿಟಕಿಯಿಂದ ನುಗ್ಗಿದರು ಅಂದರೆ ಯಾರು ಕೇಳುತ್ತಾರೆ? ಕೊಳವೆಯ ಕಥೆಯೇ ಊರೂರು ಸುತ್ತಿತು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಪ್ರಸಂಗ ಇದೆ. ಅದನ್ನು ಓದಿದರೆ ನಗು ಬರುವುದಿಲ್ಲ. 1437ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಒಂದನೇ ಜೇಮ್ಸ್ ಪರ್ತ್ ಊರಿನ ಮಠದಲ್ಲಿ ಇಳಿದುಕೊಂಡಿದ್ದ. ರಾತ್ರಿ ಕೊಲೆಗಾರರು ಬಂದರು. ರಾಜ ನೆಲದ ಹಲಗೆ ಕಿತ್ತು ಕೆಳಗಿನ ಮಲದ ಕಾಲುವೆಗೆ ಇಳಿದ. ಆ ಕಾಲುವೆಗೆ ಹೊರಬಾಗಿಲು ಇತ್ತು. ಆದರೆ ಟೆನಿಸ್ ಆಡುವಾಗ ಚೆಂಡುಗಳು ಅದರೊಳಗೆ ಉರುಳಿ ಹೋಗುತ್ತವೆ ಅಂತ ಕೆಲವೇ ದಿನಗಳ ಹಿಂದೆ ತಾನೇ ಅದನ್ನು ಮುಚ್ಚಿಸಿದ್ದ. ಅಲ್ಲೇ ಸಿಕ್ಕಿಬಿದ್ದ, ಅಲ್ಲೇ ಸತ್ತ.

ಇರಲಿ, ನಾನು ಬರೆಯಲು ಕೂತದ್ದು ಒಂದು ಪದದ ಬಗ್ಗೆ.

ಅಕ್ಕನ ಮಗನಿಗೆ ಹತ್ತು ವರ್ಷ. ಅಲ್ಲಿ ಚಿಕ್ಕ ತರಗತಿಯಲ್ಲೇ ಕೋಟೆಗಳ ಪಾಠ ಇರುತ್ತದೆ. ಅವನು ಆ ಗೂಡುಗಳ ಕಡೆ ಬೆರಳು ತೋರಿಸಿ, "ಅಜ್ಜಿ, ಅದಕ್ಕೆ ಗಾರ್ಡರೋಬ್ ಅಂತಾರೆ" ಅಂದ. ಆಮೇಲೆ ದೊಡ್ಡ ಮನುಷ್ಯನ ಹಾಗೆ ವಿವರಣೆ. ಗಾರ್ಡ್ ಅಂದರೆ ಕಾಯುವುದು, ರೋಬ್ ಅಂದರೆ ನಿಲುವಂಗಿ. ಅಂದರೆ ಬಟ್ಟೆ ಕಾಯುವ ಜಾಗ. ಯಾಕೆ ಅಂದರೆ ಆ ಕಾಲದ ಜನ ಬಟ್ಟೆಗಳನ್ನು ಕಕ್ಕಸಿನಲ್ಲೇ ನೇತುಹಾಕುತ್ತಿದ್ದರು. ಕೆಳಗಿನಿಂದ ಏಳುವ ಅಮೋನಿಯ ಘಾಟಿಗೆ ಚಿಗಟ, ನುಸಿ ಸಾಯುತ್ತಿದ್ದವು.

ಈ ಕಥೆಯನ್ನು ನಾನು ಮೊದಲೂ ಕೇಳಿದ್ದೆ. ಅಲ್ಲಿನ ಕೋಟೆ ತೋರಿಸುವವರಿಗೆ ಇದು ಬಲು ಇಷ್ಟ. ಕೇಳಿದವರು "ಹೌದಾ!" ಅಂತ ಕಣ್ಣರಳಿಸುತ್ತಾರೆ, ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳುತ್ತಾರೆ.

ಅಮ್ಮ ಕಣ್ಣರಳಿಸಲಿಲ್ಲ. "ಬಿಡೋ ಪುಟ್ಟಾ, ರೇಷ್ಮೆ ಸೀರೆನ ಯಾರಾದ್ರೂ ಕಕ್ಕಸಲ್ಲಿ ನೇತು ಹಾಕ್ತಾರಾ? ನುಸಿಗುಳಿಗೆ ಇಲ್ದೇ ಇದ್ರೆ ಬಜೆಬೇರು ಇಡ್ತಾರೆ. ಅದೂ ಇಲ್ಲಾಂದ್ರೆ ಬಿಸಿಲಿಗೆ ಹಾಕ್ತಾರೆ."

ನನಗೆ ಅಮ್ಮನ ವಾದ ಸರಿ ಅನ್ನಿಸಿತು. ಆ ಕಾಲದ ದೊರೆಯ ಉಡುಪು ಅಂದರೆ ಸುಮ್ನೆ ಅಲ್ಲ. ಒಳ್ಳೆಯ ಉಣ್ಣೆ, ರೇಷ್ಮೆ, ಒಳಗೆ ತುಪ್ಪುಳದ ಚರ್ಮದ ಹೊಲಿಗೆ. ಒಂದೊಂದಕ್ಕೂ ಒಂದು ಹೊಲದ ಬೆಲೆ. ಅದನ್ನು ಪೆಟ್ಟಿಗೆಯಲ್ಲಿ ಮಡಿಸಿ ಬೀಗ ಹಾಕಿ ಇಡುತ್ತಿದ್ದರು. ಸಮುದ್ರದ ಉಪ್ಪುಗಾಳಿ ಕೆಳಗಿನಿಂದ ನುಗ್ಗುವ, ಸದಾ ತೇವದ ಆ ತೂತಿನ ಮೇಲೆ ಯಾರು ನೇತುಹಾಕಿಯಾರು? ನನ್ನ ಅನುಮಾನ ಇಷ್ಟು: ಪದ ಮೊದಲೇ ಇತ್ತು, ತೂತೂ ಕಣ್ಣೆದುರು ಇತ್ತು. ಎರಡಕ್ಕೂ ನಂಟು ಹಾಕಲು ಯಾರೋ ಆಮೇಲೆ ಅಮೋನಿಯ ತಂದರು.

ಹಾಗಾದರೆ ಕಕ್ಕಸಿಗೆ ಬಟ್ಟೆಯ ಹೆಸರು ಹೇಗೆ ಬಂತು?

ಮೊದಲ ತುಂಡು ಗಾರ್ಡ್. ಕಾಯುವುದು ಎಂಬ ಅರ್ಥದ ಈ ಮಾತು ಜರ್ಮನ್ ಬುಡಕಟ್ಟುಗಳಿಂದ ಫ್ರೆಂಚಿಗೆ ಬಂತು. ಮೂಲದಲ್ಲಿ ಅದು 'ವ'ಕಾರದ ಪದ. ಪ್ಯಾರಿಸ್ ಕಡೆಯವರ ಬಾಯಲ್ಲಿ 'ವ' ಹೋಗಿ 'ಗ' ಆಯಿತು. ಉತ್ತರದ ನಾರ್ಮಂಡಿಯವರು 'ವ'ವನ್ನೇ ಉಳಿಸಿಕೊಂಡರು. 1066ರಲ್ಲಿ ಇಂಗ್ಲೆಂಡ್ ಗೆದ್ದವನು ನಾರ್ಮಂಡಿಯ ವಿಲಿಯಂ. ಪ್ಯಾರಿಸಿನವರ ಬಾಯಲ್ಲಿ ಅದೇ ಹೆಸರು ಗಿಯೋಮ್. ಅವನ ಜೊತೆ 'ವ'ಕಾರದ ಪದಗಳು ಇಂಗ್ಲಿಷಿಗೆ ಇಳಿದವು. ಆಮೇಲೆ ಪ್ಯಾರಿಸಿನ ಫ್ರೆಂಚಿಗೆ ಬೆಲೆ ಬಂದಾಗ ಅವೇ ಪದಗಳು 'ಗ'ಕಾರ ಹೊತ್ತು ಇನ್ನೊಂದು ಸಲ ಬಂದವು. ಇಂಗ್ಲಿಷು ಎರಡನ್ನೂ ಇಟ್ಟುಕೊಂಡಿತು. ಅದರ ಮೂಲಕ ನಾವೂ ಇಟ್ಟುಕೊಂಡೆವು. ಹಾಸ್ಟೆಲಿನಲ್ಲಿ ವಾರ್ಡನ್, ಅರ್ಜಿ ಫಾರಂನಲ್ಲಿ ಗಾರ್ಡಿಯನ್. ಆಸ್ಪತ್ರೆಯಲ್ಲಿ ವಾರ್ಡ್, ಅದರ ಬಾಗಿಲಲ್ಲಿ ಗಾರ್ಡ್. ಫ್ಯಾನ್ ಕೊಳ್ಳಲು ಹೋದರೆ ಅಂಗಡಿಯವನು "ಗ್ಯಾರಂಟಿ ಇಲ್ಲ ಸಾರ್, ವಾರಂಟಿ ಮಾತ್ರ" ಅನ್ನುತ್ತಾನಲ್ಲ, ಅವೂ ಹೀಗೇ ಒಂದೇ ಪದದ ಎರಡು ಉಚ್ಚಾರ. ಅವನಿಗೆ ಅದನ್ನು ಹೇಳಿ ಏನೂ ಪ್ರಯೋಜನ ಇಲ್ಲ, ಬಿಡಿ.

ಗಾರ್ಡರೋಬ್‌ಗೂ ಹೀಗೇ ಒಬ್ಬ ಅವಳಿ ತಮ್ಮ ಇದ್ದಾನೆ. ವಾರ್ಡ್‌ರೋಬ್! ಇವತ್ತು ಬೆಂಗಳೂರಿನ ಯಾವ ಫ್ಲ್ಯಾಟ್ ಜಾಹೀರಾತಿನಲ್ಲೂ ಮಾಡ್ಯುಲರ್ ಕಿಚನ್ ಪಕ್ಕದಲ್ಲೇ ಇರುವವನು. ಒಬ್ಬ ಮಲಗುವ ಕೋಣೆಯಲ್ಲಿ ಬಟ್ಟೆ ಕಾಯುತ್ತಾ ಉಳಿದ, ಇನ್ನೊಬ್ಬ ಕೋಟೆಯ ಗೋಡೆಗೆ ನೇತುಬಿದ್ದ.

ಎರಡನೇ ತುಂಡು ರೋಬ್. ಇದರ ಕಥೆ ಇನ್ನೂ ಮಜವಾಗಿದೆ. ಮೂಲದಲ್ಲಿ ಇದರ ಅರ್ಥ ಬಟ್ಟೆಯಲ್ಲ, ಲೂಟಿ. ಯುದ್ಧದಲ್ಲಿ ಗೆದ್ದವನು ಸೋತವನ ಮೈಮೇಲಿನದನ್ನು ಕಿತ್ತುಕೊಳ್ಳುತ್ತಿದ್ದ. ಹಾಗೆ ಕಿತ್ತ ಉಡುಪೇ ರೋಬ್. ಇಂಗ್ಲಿಷಿನಲ್ಲಿ ದರೋಡೆಕೋರನನ್ನು ರಾಬರ್ ಅನ್ನುವುದೂ ಇದೇ ಬೇರಿನಿಂದ. ಬಟ್ಟೆಗೂ ದಾರಿಗೂ ನಮ್ಮ ಹಳಗನ್ನಡದಲ್ಲಿ ಒಂದೇ ಪದ, ಅವರಲ್ಲಿ ಬಟ್ಟೆಗೂ ದಾರಿಗಳ್ಳನಿಗೂ ಒಂದೇ ಬೇರು. ನನ್ನ ತಮಾಷೆ ಅಷ್ಟೆ, ಎರಡಕ್ಕೂ ಸಂಬಂಧವಿಲ್ಲ.

ಎರಡನ್ನೂ ಕೂಡಿಸಿದರೆ ಲೂಟಿಯ ಮಾಲು ಕಾಯುವ ಕೋಣೆ. ಕಾಲಕ್ರಮದಲ್ಲಿ ಲೂಟಿ ಮರೆತು ಉಡುಪಷ್ಟೇ ಉಳಿಯಿತು. ದೊರೆಯ ಮಲಗುವ ಕೋಣೆಗೆ ಅಂಟಿಕೊಂಡ ಒಂದು ಸಣ್ಣ ಭದ್ರ ಕೋಣೆ. ಅದರೊಳಗೆ ಉಡುಪು, ಒಡವೆ, ಸಂಬಾರ ಪದಾರ್ಥ, ದುಡ್ಡು. ಅಂದಮೇಲೆ ಅದರ ಕೀಲಿ ಇಟ್ಟುಕೊಂಡವನು ದೊರೆಗೆ ಬಲು ಬೇಕಾದವನು. ಇಂಗ್ಲೆಂಡಿನಲ್ಲಿ ಈ ಬಟ್ಟೆಕೋಣೆ ಬೆಳೆದು ಬೆಳೆದು ಒಂದು ಸರ್ಕಾರಿ ಇಲಾಖೆಯೇ ಆಗಿಬಿಟ್ಟಿತು. ಎಡ್ವರ್ಡನ ಕಾಲದಲ್ಲಿ ಸಿಪಾಯಿಗಳ ಸಂಬಳ, ಯುದ್ಧದ ಖರ್ಚು ಎಲ್ಲ ವಾರ್ಡ್‌ರೋಬ್ ಲೆಕ್ಕದಲ್ಲೇ ಹೋಗುತ್ತಿತ್ತು. ನಮ್ಮಲ್ಲಿ ಹಣಕಾಸು ಇಲಾಖೆಗೆ 'ಬೀರು' ಅಂತ ಹೆಸರಿಟ್ಟರೆ ಹೇಗಿರುತ್ತದೋ ಹಾಗೆ.

ಇದು ನಮಗೂ ತೀರಾ ಹೊಸದಲ್ಲ. ಮರಾಠ ಅರಮನೆಗಳಲ್ಲಿ ಜಾಮದಾರಖಾನೆ ಇರುತ್ತಿತ್ತು. ಜಾಮಾ ಅಂದರೆ ಪಾರಸಿಯಲ್ಲಿ ಉಡುಪು. ಉಡುಪಿನ ಮನೆ ಎಂದು ಹೆಸರು, ಒಳಗಿದ್ದದ್ದು ಒಡವೆಯ ಖಜಾನೆ. ಜಾಮದಾರ ಅನ್ನುವ ಅಡ್ಡಹೆಸರು ಉತ್ತರ ಕರ್ನಾಟಕದಲ್ಲಿ ಈಗಲೂ ಇದೆ.

ಲಂಡನ್ನಿನಲ್ಲಿ ಗ್ರೇಟ್ ವಾರ್ಡ್‌ರೋಬ್ ಅಂತ ಇನ್ನೊಂದು ಕಚೇರಿ ಇತ್ತು. ರಾಜಮನೆತನದ ಬಟ್ಟೆಬರೆಯ ಉಗ್ರಾಣ. 1360ರ ದಶಕದಿಂದ ಅದು ಬ್ಲ್ಯಾಕ್‌ಫ್ರೈಯರ್ಸ್ ಬಳಿಯ ಒಂದು ದೊಡ್ಡ ಮನೆಯಲ್ಲಿತ್ತು. ಶೇಕ್ಸ್‌ಪಿಯರ್ ತನ್ನ ಉಯಿಲಿನಲ್ಲಿ ಲಂಡನ್ನಿನ ಮನೆಯ ಗುರುತು ಹೇಳುವಾಗ 'ವಾರ್ಡ್‌ರೋಬ್ ಹತ್ತಿರ' ಅಂತಲೇ ಬರೆಸಿದ್ದಾನೆ, ನಾವು 'ತಾಲ್ಲೂಕು ಆಫೀಸು ಹಿಂಭಾಗ' ಅನ್ನುವ ಹಾಗೆ. 1666ರ ಬೆಂಕಿಯಲ್ಲಿ ಆ ಕಟ್ಟಡ ಸುಟ್ಟುಹೋಯಿತು. 1782ರಲ್ಲಿ ಇಲಾಖೆಯೇ ಮುಚ್ಚಿತು. ಆದರೆ ಅಲ್ಲಿನ ಚರ್ಚಿನ ಹೆಸರು ಇವತ್ತಿಗೂ ವಾರ್ಡ್‌ರೋಬ್ ಪಕ್ಕದ ಸೇಂಟ್ ಆಂಡ್ರೂ! ಹೆಸರಷ್ಟೇ ನಿಂತಿದೆ, ಪಕ್ಕದಲ್ಲಿ ವಾರ್ಡ್‌ರೋಬ್ ಇಲ್ಲ.

ಈಗ ಬಟ್ಟೆಕೋಣೆಯಿಂದ ಕಕ್ಕಸಿಗೆ ಬರೋಣ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಡ್ವರ್ಡನ ಅಪ್ಪ ಮೂರನೇ ಹೆನ್ರಿಯ ಒಂದು ಸಿಟ್ಟಿನ ಹುಕುಂನಲ್ಲಿ. 1240ರ ದಶಕದ್ದು. ಲಂಡನ್ನಿನ ನಮ್ಮ ವಾರ್ಡ್‌ರೋಬ್‌ನಲ್ಲಿರುವ ಖಾಸಗಿ ಕೋಣೆ ಸರಿಯಾದ ಜಾಗದಲ್ಲಿಲ್ಲ, ಕೆಟ್ಟ ನಾತ ಹೊಡೆಯುತ್ತಿದೆ, ಅದೇ ವಾರ್ಡ್‌ರೋಬ್‌ನಲ್ಲಿ ಬೇರೆ ಕಡೆ ಇನ್ನೊಂದನ್ನು ಕಟ್ಟಿಸು, ನೂರು ಪೌಂಡ್ ಖರ್ಚಾದರೂ ಸರಿ. ಇದು ಅದರ ತಾತ್ಪರ್ಯ. ನೂರು ಪೌಂಡ್ ಆಗ ಸಣ್ಣ ಮೊತ್ತವಲ್ಲ. ನಾತ ಎಷ್ಟಿತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ.

ಈ ಹುಕುಂನಲ್ಲಿ ಎರಡು ಬೇರೆ ಬೇರೆ ಜಾಗಗಳಿವೆ ನೋಡಿ. ವಾರ್ಡ್‌ರೋಬ್ ಒಂದು, ಅದರೊಳಗಿನ ಖಾಸಗಿ ಕೋಣೆ ಇನ್ನೊಂದು. ಬಟ್ಟೆ ಬಟ್ಟೆಯ ಜಾಗದಲ್ಲಿ, ಕಕ್ಕಸು ಅದರ ಮೂಲೆಯಲ್ಲಿ. ಅಷ್ಟೇ ಅಲ್ಲ, ಬಟ್ಟೆಕೋಣೆಗೆ ಆ ನಾತ ಬಡಿಯಿತು ಅಂತ ದೊರೆಗೆ ಸಿಟ್ಟು ಬಂದಿದೆ. ನಾತದಿಂದ ನುಸಿ ಸಾಯುತ್ತದೆ ಅನ್ನುವ ನಂಬಿಕೆ ಇದ್ದಿದ್ದರೆ ಅವನು ಖುಷಿಪಡಬೇಕಿತ್ತಲ್ಲ?

ಹಾಗಾಗಿ ನನಗನ್ನಿಸುವುದು ಇಷ್ಟು. ದೊರೆ ಊಟದ ನಡುವೆ ಎದ್ದು "ವಾರ್ಡ್‌ರೋಬ್‌ಗೆ ಹೋಗಿ ಬರ್ತೀನಿ" ಅನ್ನುತ್ತಿದ್ದ. ಅಂಗಿ ಬದಲಿಸುವುದಕ್ಕಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹೇಳುತ್ತಾ ಹೇಳುತ್ತಾ ಕೋಣೆಯ ಹೆಸರು ಮೂಲೆಗೆ ಅಂಟಿಕೊಂಡಿತು. ಹದಿನಾಲ್ಕನೇ ಶತಮಾನದ ಕೊನೆಗೆ ಕವಿ ಚಾಸರ್ ವಾರ್ಡ್‌ರೋಬ್ ಪದವನ್ನು ಮಲದ ಗುಂಡಿ ಎಂಬ ಅರ್ಥದಲ್ಲೇ ಬಳಸಿದ್ದಾನೆ. ಯೆಹೂದಿಗಳ ಮೇಲೆ ವಿಷ ಕಾರುವ ಒಂದು ಕಥೆಯಲ್ಲಿ ಅದು ಬರುತ್ತದೆ. ಕಥೆ ಓದಿ ಮನಸ್ಸು ಕೆಟ್ಟಿತು, ಪದಕ್ಕೆ ಮಾತ್ರ ಸಾಕ್ಷಿ ಸಿಕ್ಕಿತು. ಫ್ರಾನ್ಸಿನಲ್ಲಂತೂ ಇದು ಬಹಳ ಕಾಲ ನಡೆಯಿತು. ಅಲ್ಲಿನ ವೈದ್ಯರು ರೋಗಿಗೆ ಎಷ್ಟು ಸಲ ಭೇದಿಯಾಯಿತು ಅನ್ನುವುದನ್ನು 'ಗಾರ್ಡರೋಬ್' ಲೆಕ್ಕದಲ್ಲೇ ಬರೆಯುತ್ತಿದ್ದರು.

ನಗಬೇಡಿ. ನಾವು ಮಾಡುವುದೂ ಅದೇ. "ಬಾತ್‌ರೂಮಿಗೆ ಹೋಗ್ಬೇಕು" ಅಂದರೆ ಯಾರೂ ಟವೆಲ್ಲು ತಂದುಕೊಡುವುದಿಲ್ಲ.

ಇಲ್ಲಿಂದ ನನಗೆ ಹುಚ್ಚು ಹಿಡಿಯಿತು. ಈ ಒಂದು ಜಾಗಕ್ಕೆ ಯಾವ ಭಾಷೆಯಲ್ಲೂ ನೆಟ್ಟಗಿನ ಹೆಸರೇ ಇಲ್ಲವಾ? ಇಂಗ್ಲಿಷಿನ ಪ್ರಿವಿ ಅಂದರೆ ಖಾಸಗಿ. ಲೆಟ್ರಿನ್ ಅಂದರೆ ಮೂಲದಲ್ಲಿ ತೊಳೆಯುವ ಜಾಗ. ಕ್ರೈಸ್ತ ಮಠಗಳ ಲ್ಯಾಟಿನ್ನಿನಲ್ಲಿ 'ಅಗತ್ಯದ ಜಾಗ'. ಟಾಯ್ಲೆಟ್ ಅಂದರೆ? ಪುಟ್ಟ ಬಟ್ಟೆ! ಫ್ರೆಂಚಿನಲ್ಲಿ ತುವಾಲ್ ಅಂದರೆ ಬಟ್ಟೆ, ತುವಾಲೆತ್ ಅಂದರೆ ಬಟ್ಟೆಯ ಸಣ್ಣ ತುಂಡು. ಅಲಂಕಾರದ ಮೇಜಿನ ಮೇಲೆ ಹಾಸುತ್ತಿದ್ದದ್ದು. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನಿಂದ ಅಲಂಕಾರಕ್ಕೆ, ಅಲಂಕಾರದಿಂದ ಅಲಂಕಾರದ ಕೋಣೆಗೆ, ಅಲ್ಲಿಂದ ಪಕ್ಕದ ಕೋಣೆಗೆ. ಗಾರ್ಡರೋಬ್ ನಡೆದ ದಾರಿಯಲ್ಲೇ ನಾಲ್ಕುನೂರು ವರ್ಷ ತಡವಾಗಿ ಇನ್ನೊಂದು ಬಟ್ಟೆ ನಡೆದು ಬಂದಿದೆ.

ನಮ್ಮ ಕಡೆಗೆ ಬಂದರೆ ಪಾಯಿಖಾನೆ ಇದೆ. ಪಾರಸಿಯಲ್ಲಿ ಪಾಯ್ ಅಂದರೆ ಕಾಲು, ಖಾನೆ ಅಂದರೆ ಮನೆ. ಕಾಲಿನ ಮನೆ. ಪೈಜಾಮದಲ್ಲಿರುವುದೂ ಅದೇ ಕಾಲು, ಅದು ಕಾಲಿನ ಉಡುಪು. ಶೌಚಾಲಯ ಅಂದರೆ ಶುಚಿಯ ಮನೆ. ನಮ್ಮ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಆ ಪದ ಓದಿದಾಗಲೆಲ್ಲ ಬರೆದವನ ಹಾಸ್ಯಪ್ರಜ್ಞೆಗೆ ಕೈಮುಗಿಯುತ್ತೇನೆ. ಜಾಗಕ್ಕೆ ಹೆಸರೇ ಬೇಡ, ಹೋಗುವುದಕ್ಕಷ್ಟೇ ಹೆಸರು ಸಾಕು ಅಂದವರೂ ನಾವೇ. ಬಯಲಕಡೆ ಹೋಗು, ಕೆರೆ ಕಡೆ ಹೋಗು, ಹುಬ್ಬಳ್ಳಿ ಕಡೆಯವರಾದರೆ ಚರಗಿ ತಗೊಂಡು ಹೋಗು. ಶಾಲೆಯಲ್ಲಿ ಒಂದು ಬೆರಳು, ಎರಡು ಬೆರಳು. ಹಳೆಯ ಇಂಗ್ಲಿಷಿನವರೂ ಹಾಗೇ. ಅವರು ಅದಕ್ಕೆ ಗಾಂಗ್ ಅನ್ನುತ್ತಿದ್ದರು. ಆ ಪದದ ಅರ್ಥವೂ ಸುಮ್ನೆ 'ಹೋಗುವುದು'.

ಎಲ್ಲರಿಗಿಂತ ನೇರವಂತರು ಡಚ್ಚರು. ಅವರು ಕಾಕ್‌ಹೌಸ್ ಅಂದರು. ಕಕ್ಕದ ಮನೆ. ಮುಚ್ಚುಮರೆ ಇಲ್ಲ. ಕೇರಳ, ಸಿಂಹಳದ ಕರಾವಳಿಗಳಲ್ಲಿ ಅವರು ವ್ಯಾಪಾರ ಮಾಡಿ, ಕೋಟೆ ಕಟ್ಟಿ, ಹೊರಟುಹೋದರು. ಪದ ಮಾತ್ರ ಇಲ್ಲೇ ಉಳಿಯಿತು. ತಮಿಳು, ಮಲಯಾಳಗಳಲ್ಲಿ ಕಕ್ಕೂಸ್, ನಮ್ಮಲ್ಲಿ ಕಕ್ಕಸು. ಅದೇ ಕಕ್ಕಸು ಈಗ ನಮಗೆ ಒರಟು ಅನ್ನಿಸುತ್ತದೆ. ಅಕ್ಕ ಮಗನ ಎದುರು ಆ ಪದ ಬಳಸಬೇಡ ಅಂತ ಅಮ್ಮನಿಗೆ ಎರಡು ಸಲ ಹೇಳಿದ್ದಳು. ಅಮ್ಮ ಕೇಳಲಿಲ್ಲ.

ಬೀರು ಅಂದೆನಲ್ಲ ಆಗಲೇ, ಅದನ್ನೂ ಬಿಚ್ಚಿ ನೋಡಿದೆ. ಮದುವೆಯಲ್ಲಿ ಹೆಣ್ಣಿನ ಮನೆಯವರು ಕೊಡುವ ಆ ಕಬ್ಬಿಣದ ಬೀರು ಮೂಲದಲ್ಲಿ ಬ್ಯೂರೋ. ಬ್ಯೂರೋ ಅಂದರೆ ಫ್ರೆಂಚಿನಲ್ಲಿ ಬರೆಯುವ ಮೇಜು, ಆಮೇಲೆ ಕಚೇರಿ. ಅದಕ್ಕೂ ಮೊದಲು? ಆ ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆಬಟ್ಟೆ. ಅಲ್ಲಿ ಬಟ್ಟೆಕೋಣೆ ಕಚೇರಿಯಾಯಿತು. ಇಲ್ಲಿ ಕಚೇರಿ ಸುತ್ತಿ ಬಳಸಿ ಅಮ್ಮನ ರೇಷ್ಮೆ ಸೀರೆ, ನುಸಿಗುಳಿಗೆಯ ಜಾಗವಾಯಿತು. ಇದು ಗೊತ್ತಾದ ರಾತ್ರಿ ನನಗೆ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಹೆಂಡತಿಗೆ ಫೋನ್ ಮಾಡಿ ಹೇಳಿದೆ. "ಇದಕ್ಕಾ ಈ ಹೊತ್ತಲ್ಲಿ ಎಬ್ಬಿಸಿದ್ದು?" ಅಂದಳು.

ಕಾನ್ವಿಯ ಗೋಡೆಯ ಕೆಳಗೆ ನಿಂತಾಗ ಅಮ್ಮ ಕೇಳಿದ ಇನ್ನೊಂದು ಮಾತಿಗೆ ನಾನು ಅಲ್ಲಿ ಉತ್ತರ ಕೊಟ್ಟಿರಲಿಲ್ಲ. "ಬಳೀತಿದ್ದೋರು ಯಾರು?"

ಕಂದಕಕ್ಕೆ, ಹೊಳೆಗೆ ಬಿದ್ದರೆ ಯಾರೂ ಬಳಿಯಬೇಕಿಲ್ಲ, ಕೆಳಗಿನ ಊರಿನವರು ಕುಡಿಯಬೇಕು ಅಷ್ಟೆ. ಗುಂಡಿಯಾದರೆ ತುಂಬುತ್ತದೆ, ಯಾರಾದರೂ ಇಳಿಯಲೇಬೇಕು. ಇಂಗ್ಲೆಂಡಿನಲ್ಲಿ ಅವರನ್ನು ಗಾಂಗ್ ಫಾರ್ಮರ್ ಅನ್ನುತ್ತಿದ್ದರು. ಊರು ಮಲಗಿದ ಮೇಲೆ ರಾತ್ರಿ ಮಾತ್ರ ಅವರ ಕೆಲಸ, ಬೆಳಗಾಗುವುದರೊಳಗೆ ಊರ ಹೊರಗೆ ಸಾಗಿಸಬೇಕು. ಕೂಲಿ ಬೇರೆಯವರಿಗಿಂತ ಜಾಸ್ತಿ ಇತ್ತು, ಪಕ್ಕದಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ. ಜಾಗಕ್ಕೆ ಹತ್ತು ಸೊಗಸಾದ ಹೆಸರು ಇಟ್ಟವರು ಇವರನ್ನು ಸೊಗಸಾಗಿ ಕರೆಯುವ ಗೋಜಿಗೆ ಹೋಗಲಿಲ್ಲ.

ಇಲ್ಲಿ ಅದು ಕೂಲಿಯೂ ಅಲ್ಲ, ಹುಟ್ಟಿನಿಂದ ಅಂಟಿದ ಜಾತಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಲು 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಪಟ್ಟುಹಿಡಿಯಬೇಕಾಯಿತು. ದೇಶಕ್ಕೆಲ್ಲ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು. ಆಮೇಲೂ ಮ್ಯಾನ್‌ಹೋಲಿಗೆ ಇಳಿದವರು ಸತ್ತ ಸುದ್ದಿ ಪೇಪರಿನ ಒಳಪುಟದಲ್ಲಿ ಬರುತ್ತಲೇ ಇದೆ. ಅಮ್ಮನ ಬಾಲ್ಯದಲ್ಲಿ ಅವರ ಊರಿನ ಮನೆಯ ಹಿಂದೆ ಒಂದು ಗಲ್ಲಿ ಇತ್ತಂತೆ. ಬೆಳಗಿನ ಜಾವ ಒಬ್ಬಾಕೆ 'ಬಂದೆ ಅವ್ವಾ' ಅಂತ ಕೂಗಿ ಆ ಗಲ್ಲಿಯಿಂದಲೇ ಬಂದು ಅಲ್ಲಿಂದಲೇ ಹೋಗುತ್ತಿದ್ದಳಂತೆ. "ಅವಳ ಮುಖ ನಾನು ಸರಿಯಾಗಿ ನೋಡೇ ಇಲ್ಲ ನೋಡು" ಅಂದಳು ಅಮ್ಮ, ಹನ್ನೆರಡು ಗೂಡುಗಳನ್ನು ಮತ್ತೊಮ್ಮೆ ನೋಡುತ್ತಾ.

ಅಷ್ಟೊತ್ತಿಗೆ ಚಳಿಗಾಳಿ ಜೋರಾಯಿತು. ಅಮ್ಮನಿಗೆ ಈ ಸಲ ನಿಜವಾಗಿಯೂ ಅರ್ಜೆಂಟಾಯಿತು. ಭಾವ, ಅಕ್ಕ, ಹುಡುಗ ಎಲ್ಲ ಐಸ್‌ಕ್ರೀಮಿಗೆ ಹೋಗಿದ್ದರು. ನಾವಿಬ್ಬರೇ ಬೋರ್ಡು ಹುಡುಕುತ್ತಾ ಹೊರಟೆವು. ವೇಲ್ಸ್‌ನಲ್ಲಿ ಎಲ್ಲ ಬೋರ್ಡೂ ಎರಡು ಭಾಷೆಯಲ್ಲಿರುತ್ತದೆ. ವೆಲ್ಷ್ ಮೇಲೆ, ಇಂಗ್ಲಿಷ್ ಕೆಳಗೆ. ಟಾಯ್ಲೆಟ್ಸ್ ಅನ್ನುವುದರ ಮೇಲೆ 'ಟೋಯ್ಲೆಡೈ' ಅಂತ ಬರೆದಿತ್ತು. ಆ ಪುಟ್ಟ ಬಟ್ಟೆ ಇವರ ಭಾಷೆಗೂ ಬಂದುಬಿಟ್ಟಿದೆ.

ಅಮ್ಮ ಬಾಗಿಲಲ್ಲಿ ನಿಂತು ಅಕ್ಕನ ದೊಡ್ಡ ಕೋಟು ಬಿಚ್ಚಿದಳು. ಅದರ ಮೇಲೆ ಶಾಲು, ಮಂಕಿ ಟೋಪಿ, ವ್ಯಾನಿಟಿ ಬ್ಯಾಗು ಎಲ್ಲ ಹೇರಿ ನನ್ನ ಕೈಗೆ ಕೊಟ್ಟಳು.

"ಇಲ್ಲೇ ಕಾಯ್ತಾ ಇರು. ಎಲ್ಲೂ ಹೋಗ್ಬೇಡ."

ನಾನು ಬಟ್ಟೆ ಕಾಯುತ್ತಾ ಹೊರಗೆ ನಿಂತೆ.